ಬಾತ್‌ರೂಮ್ ನವೀಕರಣ: ರಿವ್ಯೂಗಳನ್ನು ಓದಿ ಕಂಪನಿ ಆರಿಸುವ ಬಗೆ

ಬಾತ್‌ರೂಮಿನ ಕೆಲಸದಲ್ಲಿ ಮುಖ್ಯವಾದದ್ದೆಲ್ಲ ಟೈಲ್ಸಿನ ಕೆಳಗೆ ಮುಚ್ಚಿಹೋಗುತ್ತದೆ. ತಗ್ಗಿಸಿ ಕಟ್ಟಿದ ಸ್ಲ್ಯಾಬಿನ ಮೇಲೆ ಬಳಿದ ವಾಟರ್‌ಪ್ರೂಫಿಂಗ್ ಪದರ, ನೆಲದ ನೀರು ಹೊರಹೋಗುವ ನಹಾನಿ ಟ್ರ್ಯಾಪಿನ ಸುತ್ತಲಿನ ಸಂದು, ಗೋಡೆಯೊಳಗೆ ಹೂತ ಸಿಪಿವಿಸಿ ಎಂಬ ಪ್ಲಾಸ್ಟಿಕ್ ಪೈಪುಗಳ ಜೋಡಣೆ, ನೆಲ ಮತ್ತು ಗೋಡೆ ಕೂಡುವ ಮೂಲೆಗೆ ಕೊಟ್ಟ ದುಂಡು ಅಂಚು, ಇವು ಯಾವುವೂ ಕೆಲಸ ಮುಗಿದ ದಿನ ಕಣ್ಣಿಗೆ ಬೀಳುವುದಿಲ್ಲ. ಅಂದು ಕಾಣುವುದು ಹೊಳೆಯುವ ಟೈಲ್ಸ್, ಹೊಸ ನಲ್ಲಿ, ಗಾಜಿನ ಬಾಗಿಲು. ಗ್ರಾಹಕರು ರಿವ್ಯೂ ಬರೆಯುವುದೂ ಸಾಮಾನ್ಯವಾಗಿ ಅದೇ ದಿನ ಅಥವಾ ಅದೇ ವಾರ. ಎಷ್ಟೋ ಸಲ ಕಂಪನಿಯ ಮೇಲ್ವಿಚಾರಕರು ಪಕ್ಕದಲ್ಲಿ ನಿಂತು ಮೊಬೈಲಿಗೆ ಲಿಂಕ್ ಕಳುಹಿಸಿದ ಗಳಿಗೆಯಲ್ಲಿ. ಹಾಗಾಗಿ ಐದು ನಕ್ಷತ್ರಗಳ ದೊಡ್ಡ ರಾಶಿಯೊಂದು ಮೇಲ್ಮೈಯ ಅಂದವನ್ನು ಹೇಳಬಲ್ಲದೇ ಹೊರತು, ವರ್ಷಗಟ್ಟಲೆ ದಿನವೂ ನೀರು ಸುರಿದ ಮೇಲೆ ಆ ನೆಲ ಹೇಗಿದೆ ಎಂಬುದನ್ನು ಹೇಳಲಾರದು. ನಾವು ಹುಡುಕಬೇಕಾದದ್ದು ಆ ಎರಡನೆಯ ಸಂಗತಿಯನ್ನು.

ಇದನ್ನು ನಾನು ಕಲಿತದ್ದು ಕಷ್ಟಪಟ್ಟು. ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿಗೆ ಹದಿನಾಲ್ಕು ವರ್ಷವಾದಾಗ ಎರಡು ಬಾತ್‌ರೂಮುಗಳಲ್ಲಿ ಒಂದನ್ನು ಪೂರ್ತಿ ಒಡೆದು ಹೊಸದಾಗಿ ಮಾಡಿಸಿದೆವು. ಕಂಪನಿಯನ್ನು ಆರಿಸಿದ್ದು 4.8 ಎಂಬ ಅಂಕಿ ನೋಡಿ, ಮೊದಲ ಹತ್ತು ಹದಿನೈದು ರಿವ್ಯೂ ಓದಿ. ಏಳು ತಿಂಗಳಾಗುತ್ತಿದ್ದಂತೆ ಕೆಳಗಿನ ಮನೆಯವರ ಛಾವಣಿಯಲ್ಲಿ ಅಂಗೈಯಗಲದ ತೇವದ ಕಲೆ ಮೂಡಿತು. ಆಗ ಮತ್ತೆ ಕುಳಿತು ಆ ಕಂಪನಿಯ ಅಷ್ಟೂ ರಿವ್ಯೂಗಳನ್ನು ಓದಿದಾಗ, ನಮಗಾದದ್ದೇ ತೊಂದರೆಯನ್ನು ಮೂವರು ನಮಗಿಂತ ಮೊದಲೇ ಬರೆದಿಟ್ಟಿದ್ದು ಕಂಡಿತು. ಸುಳಿವು ಅಲ್ಲೇ ಇತ್ತು. ನಾನು ಓದಿದ ಕ್ರಮ ತಪ್ಪಾಗಿತ್ತು. ಎರಡನೆಯ ಬಾತ್‌ರೂಮಿಗೆ ಕಂಪನಿ ಹುಡುಕುವಾಗ ಅನುಸರಿಸಿದ ಕ್ರಮವನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಸರಾಸರಿಯ ಹಿಂದೆ ಇರುವುದು

ಮೊದಲು ಸರಾಸರಿ ಅಂಕಿಯನ್ನು ಬಿಡಿಸಿ ನೋಡಬೇಕು. ಒಂದು ಕಂಪನಿಗೆ ನೂರು ರಿವ್ಯೂ ಬಂದಿದ್ದು, ಅವುಗಳಲ್ಲಿ 95 ಜನ ಐದು ನಕ್ಷತ್ರ, 5 ಜನ ಒಂದು ನಕ್ಷತ್ರ ಕೊಟ್ಟಿದ್ದಾರೆ ಎಂದುಕೊಳ್ಳೋಣ, ಸರಾಸರಿ 4.8 ಆಗುತ್ತದೆ. ಇನ್ನೊಂದು ಕಂಪನಿಗೆ 50 ಜನ ಐದು, 40 ಜನ ನಾಲ್ಕು, 10 ಜನ ಮೂರು ಕೊಟ್ಟಿದ್ದರೆ ಸರಾಸರಿ 4.4. ಅಂಕಿ ನೋಡಿದವರು ಮೊದಲನೆಯದನ್ನೇ ಆರಿಸುತ್ತಾರೆ. ಆದರೆ ಮೊದಲ ಕಂಪನಿಯಲ್ಲಿ ಇಪ್ಪತ್ತರಲ್ಲಿ ಒಬ್ಬರ ಕೆಲಸ ಪೂರ್ತಿ ಕೆಟ್ಟಿದೆ. ಎರಡನೆಯದರಲ್ಲಿ ಕೆಲವರಿಗೆ ಸಣ್ಣಪುಟ್ಟ ಅಸಮಾಧಾನವಿದ್ದರೂ ಯಾರ ಮನೆಯೂ ಹಾಳಾಗಿಲ್ಲ. ಹೋಟೆಲ್ ಊಟ ಒಂದು ದಿನ ಚೆನ್ನಾಗಿರದಿದ್ದರೆ ಅಷ್ಟಕ್ಕೇ ಮುಗಿಯುತ್ತದೆ. ಬಾತ್‌ರೂಮಿನ ನೆಲ ಸೋರಿದರೆ ಹಾಕಿದ ಟೈಲ್ಸನ್ನೆಲ್ಲ ಮತ್ತೆ ಒಡೆಯಬೇಕು. ಹೀಗಾಗಿ ಈ ಕೆಲಸದ ಮಟ್ಟಿಗೆ, ಎಷ್ಟು ಜನ ಮೆಚ್ಚಿದರು ಎಂಬುದಕ್ಕಿಂತ ಕೆಟ್ಟಾಗ ಎಷ್ಟು ಕೆಟ್ಟಿತು ಎಂಬ ಪ್ರಶ್ನೆಗೆ ಹೆಚ್ಚು ತೂಕ ಕೊಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಎಣಿಸುವಾಗ ಇನ್ನೊಂದು ಎಚ್ಚರ ಬೇಕು. ದೊಡ್ಡ ಇಂಟೀರಿಯರ್ ಕಂಪನಿಗಳು ಮಾಡ್ಯುಲರ್ ಕಿಚನ್, ವಾರ್ಡ್‌ರೋಬ್, ಬಣ್ಣ, ಬಾತ್‌ರೂಮ್ ಎಲ್ಲವನ್ನೂ ಒಂದೇ ಹೆಸರಿನಲ್ಲಿ ಮಾಡುತ್ತವೆ. ಆರುನೂರು ರಿವ್ಯೂಗಳಲ್ಲಿ ಬಾತ್‌ರೂಮಿನ ಮಾತೇ ಇರುವುದು ಮೂವತ್ತರಲ್ಲಿ ಆಗಿರಬಹುದು. ಅಡುಗೆಮನೆಯ ಡ್ರಾಯರ್ ಸಲೀಸಾಗಿ ಜಾರುತ್ತದೆ ಎಂಬ ಹೊಗಳಿಕೆಯಿಂದ ಆ ಕಂಪನಿಯ ಪ್ಲಂಬರ್ ಎಂಥವರು ಎಂದು ತಿಳಿಯುವುದಿಲ್ಲ. ಇನ್ನು ಕೆಲವು ರಿವ್ಯೂಗಳು ಶೋರೂಮಿಗೆ ಭೇಟಿ ಕೊಟ್ಟವರು ಬರೆದವು: ಸಿಬ್ಬಂದಿ ಸೌಜನ್ಯದಿಂದ ಮಾತನಾಡಿದರು, ಕಾಫಿ ಕೊಟ್ಟರು, ಡಿಸೈನ್ ತೋರಿಸಿದರು ಎಂಬಷ್ಟೇ ಅವುಗಳ ಸಾರ. ಇವೆಲ್ಲವನ್ನೂ ಬದಿಗಿಟ್ಟು ಬಾತ್‌ರೂಮ್ ಕೆಲಸ ಮುಗಿಸಿಕೊಂಡವರ ರಿವ್ಯೂಗಳನ್ನು ಮಾತ್ರ ಪ್ರತ್ಯೇಕವಾಗಿ ಎಣಿಸಿ. ಉಳಿದದ್ದು ಹತ್ತಕ್ಕಿಂತ ಕಡಿಮೆಯಾದರೆ, ಆ ಕಂಪನಿಯ ಬಗ್ಗೆ ರಿವ್ಯೂಗಳಿಂದ ಏನನ್ನೂ ತೀರ್ಮಾನಿಸಬಾರದು.

ಯಾವ ಮಾತನ್ನು ಹುಡುಕಬೇಕು

ಗೂಗಲ್ ಮ್ಯಾಪ್ಸಿನಲ್ಲಿ ರಿವ್ಯೂಗಳನ್ನು ಹೊಸತು ಮೊದಲು, ಕಡಿಮೆ ಅಂಕ ಮೊದಲು ಎಂದು ಬೇರೆ ಬೇರೆ ಕ್ರಮದಲ್ಲಿ ಜೋಡಿಸಿಕೊಳ್ಳಬಹುದು. ಅವುಗಳೊಳಗೆ ಪದ ಹುಡುಕುವ ಸೌಲಭ್ಯವೂ ಇದೆ. ಲೀಕ್, ಲೀಕೇಜ್, ಸೀಪೇಜ್, ಡ್ಯಾಂಪ್, ವಾಟರ್‌ಪ್ರೂಫಿಂಗ್, ಸ್ಲೋಪ್, ಸ್ಮೆಲ್, ವಾರಂಟಿ, ಅಡ್ವಾನ್ಸ್, ರಿಫಂಡ್ ಎಂಬ ಪದಗಳನ್ನು ಒಂದೊಂದಾಗಿ ಹಾಕಿ ನೋಡಿ. ಬೇರೆ ಲಿಪಿಯಲ್ಲಿ ಬರೆದದ್ದು ತಪ್ಪಿಹೋಗಬಹುದಾದ್ದರಿಂದ ಇಂಗ್ಲಿಷ್ ಲಿಪಿಯಲ್ಲಿ ಒಮ್ಮೆ, ಕನ್ನಡ ಲಿಪಿಯಲ್ಲಿ ಒಮ್ಮೆ ಹುಡುಕಬೇಕು. ನಮ್ಮವರು ಕನ್ನಡವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವುದೂ ಸಾಮಾನ್ಯ; ಆದ್ದರಿಂದ ನೀರು, ಸೋರುತ್ತೆ, ಕೆಲಸ, ಮೋಸ ಎಂಬ ಪದಗಳನ್ನು ಆ ರೂಪದಲ್ಲಿಯೂ ಪರೀಕ್ಷಿಸಿ. ಯಂತ್ರದ ಅನುವಾದ ಇಂಥ ಸಾಲುಗಳಲ್ಲಿ ಎಡವುವುದರಿಂದ ಕನ್ನಡ ಬಾರದ ಓದುಗರು ಅವುಗಳನ್ನು ದಾಟಿ ಹೋಗುತ್ತಾರೆ. ನನಗೆ ಸಿಕ್ಕ ಮೂರು ದೂರುಗಳಲ್ಲಿ ಎರಡು ಹೀಗೆ ಬರೆದವೇ ಆಗಿದ್ದವು.

ನಂತರ ಕಾಲವನ್ನು ಸೂಚಿಸುವ ಮಾತುಗಳನ್ನು ಹುಡುಕಿ: ಆರು ತಿಂಗಳ ನಂತರ, ಒಂದು ವರ್ಷವಾಯಿತು, ಅಪ್‌ಡೇಟ್, ಎರಡನೇ ಸಲ. ಕೆಲಸ ಮುಗಿದು ವರ್ಷವಾದ ಮೇಲೆ ಬರೆದ ಒಂದು ನಾಲ್ಕು ನಕ್ಷತ್ರದ ರಿವ್ಯೂ, ಹಸ್ತಾಂತರದ ದಿನ ಬರೆದ ಇಪ್ಪತ್ತು ಐದು ನಕ್ಷತ್ರಗಳಿಗೆ ಸಮ. ಬರೆದ ಮೇಲೆ ತಿದ್ದಿದ ರಿವ್ಯೂಗಳ ದಿನಾಂಕದ ಬಳಿ ತಿದ್ದಲಾಗಿದೆ ಎಂಬ ಸೂಚನೆ ಕಾಣುತ್ತದೆ. ಅಂಥವನ್ನು ಪೂರ್ತಿ ಓದಿ. ಐದರಿಂದ ಒಂದಕ್ಕೆ ಇಳಿಸಿದವರು ಕಾರಣವನ್ನು ವಿವರವಾಗಿ ಬರೆದಿರುತ್ತಾರೆ. ಒಂದರಿಂದ ನಾಲ್ಕಕ್ಕೆ ಏರಿಸಿದವರ ಬರಹದಲ್ಲಿ ಕಂಪನಿ ಬಂದು ಏನು ಸರಿಮಾಡಿತು ಎಂಬುದು ಇರುತ್ತದೆ. ಈ ಎರಡನೆಯ ಬಗೆಯ ರಿವ್ಯೂ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು.

ದೂರು ಸಿಕ್ಕಾಗ ಅದು ಕೆಲಸದ ಯಾವ ಹಂತಕ್ಕೆ ಸೇರಿದ್ದು ಎಂದು ಗುರುತಿಸಲು ಸ್ವಲ್ಪ ತಾಂತ್ರಿಕ ತಿಳಿವಳಿಕೆ ಬೇಕು. ಕೆಳಮನೆಯ ಛಾವಣಿಯಲ್ಲಿ ಕಲೆ ಬಂತು ಎಂದರೆ ವಾಟರ್‌ಪ್ರೂಫಿಂಗ್ ಪದರವೋ ಟ್ರ್ಯಾಪಿನ ಜೋಡಣೆಯೋ ಸೋತಿದೆ. ಇದು ಅತ್ಯಂತ ಗಂಭೀರ. ಬಾತ್‌ರೂಮಿನ ಆಚೆ ಬದಿಯ ಮಲಗುವ ಕೋಣೆಯ ಗೋಡೆಯಲ್ಲಿ ಬಣ್ಣ ಉಬ್ಬಿತು ಎಂದರೆ, ಗೋಡೆಯೊಳಗಿನ ಪೈಪು ಸೋರುತ್ತಿರಬಹುದು ಅಥವಾ ಶವರ್ ಇರುವ ಭಾಗದಲ್ಲಿ ಜಲನಿರೋಧಕವನ್ನು ಸಾಕಷ್ಟು ಎತ್ತರಕ್ಕೆ ಬಳಿದಿಲ್ಲದಿರಬಹುದು. ಮೂಲೆಯಲ್ಲಿ ನೀರು ನಿಲ್ಲುತ್ತದೆ ಎಂಬ ದೂರು ಇಳಿಜಾರಿನದು. ನೆಲವು ಟ್ರ್ಯಾಪಿನ ಕಡೆಗೆ ಮೀಟರಿಗೆ ಕನಿಷ್ಠ 1 ಸೆಂಟಿಮೀಟರ್‌ನಷ್ಟಾದರೂ ಇಳಿಯಬೇಕು. ಒಂದು ಬಕೆಟ್ ನೀರು ಸುರಿದರೆ ತಿಳಿಯುವ ಈ ದೋಷವನ್ನೂ ಉಳಿಸಿ ಹೋಗುವ ಕಂಪನಿಯಲ್ಲಿ ಮೇಲ್ವಿಚಾರಣೆ ಇಲ್ಲವೆಂದೇ ಅರ್ಥ. ದುರ್ವಾಸನೆ ಬರುತ್ತದೆ ಎಂದಿದ್ದರೆ, ಚರಂಡಿಯ ಗಾಳಿಯನ್ನು ತಡೆಯಲು ಟ್ರ್ಯಾಪಿನಲ್ಲಿ ನಿಲ್ಲಬೇಕಾದ ನೀರು ನಿಲ್ಲುತ್ತಿಲ್ಲ. ಟೈಲ್ಸ್ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ, ಕೆಲವು ತಿಂಗಳಲ್ಲಿ ಒಂದೆರಡು ಎದ್ದವು ಎಂಬುದು ಅಂಟು ಅಥವಾ ಗಾರೆ ಪೂರ್ತಿ ಹಿಡಿಯದ ಗುರುತು. ಗೀಸರ್ ಮುಟ್ಟಿದರೆ ಜುಮ್ಮೆನ್ನುತ್ತದೆ ಎಂದು ಒಬ್ಬರೇ ಬರೆದಿದ್ದರೂ ಸಾಕು, ಆ ಕಂಪನಿಯನ್ನು ಪಟ್ಟಿಯಿಂದ ತೆಗೆದುಬಿಡಿ. ಅದು ಪ್ರಾಣದ ವಿಷಯ.

ಕೆಲವು ದೂರುಗಳಿಗೆ ಹೆಚ್ಚು ಬೆಲೆ ಕೊಡಬೇಕಾಗಿಲ್ಲ. ಕೆಲಸ ಮೂರು ನಾಲ್ಕು ದಿನ ತಡವಾಯಿತು, ಮನೆಯೆಲ್ಲ ದೂಳಾಯಿತು, ಬೆಲೆ ಜಾಸ್ತಿ ಎಂಬ ಮಾತುಗಳು ಯಾವ ಕಂಪನಿಯ ಪುಟದಲ್ಲಿಯೂ ಸಿಗುತ್ತವೆ. ನಲ್ಲಿಗಳ ಮೇಲೆ ಬೇಗ ಬಿಳಿ ಕಲೆ ಬಂತು ಎಂಬ ದೂರು ಬೆಂಗಳೂರಿನಲ್ಲಿ ಹಲವೊಮ್ಮೆ ಬೋರ್‌ವೆಲ್ಲಿನ ಗಡಸು ನೀರಿನ ಪರಿಣಾಮ. ಅದನ್ನು ಕೆಲಸಗಾರರ ತಲೆಗೆ ಕಟ್ಟುವುದು ನ್ಯಾಯವಲ್ಲ. ಮುಂಗಡ ಪಡೆದ ಮೇಲೆ ಫೋನ್ ಎತ್ತಲಿಲ್ಲ, ಹಳೆಯದನ್ನು ಒಡೆದುಹಾಕಿ ಎರಡು ವಾರ ಬರಲಿಲ್ಲ, ಅರ್ಧದಲ್ಲಿ ಕೆಲಸಗಾರರು ಬದಲಾದರು, ಕೊಟೇಶನ್ನಿನಲ್ಲಿ ಇಲ್ಲದ ಖರ್ಚನ್ನು ಕೊನೆಗೆ ಸೇರಿಸಿದರು ಎಂಬ ದೂರುಗಳು ಇಬ್ಬರು ಮೂವರಿಂದ ಬಂದಿದ್ದರೆ ಮಾತ್ರ ಅದು ಕಂಪನಿಯ ರೂಢಿ ಎಂದು ತಿಳಿಯಬೇಕು.

ನಂಬಬಾರದ ರಿವ್ಯೂಗಳು

ಕೊಂಡು ತಂದ ರಿವ್ಯೂಗಳಿಗೆ ಒಂದು ಬಗೆಯ ನುಣುಪು ಇರುತ್ತದೆ. ಕಂಪನಿಯ ಪೂರ್ಣ ಹೆಸರು, ಊರಿನ ಹೆಸರು, ಅತ್ಯುತ್ತಮ ಬಾತ್‌ರೂಮ್ ನವೀಕರಣ ಸಂಸ್ಥೆ ಎಂಬಂತಹ ಜಾಹೀರಾತಿನ ಸಾಲು ಒಂದೇ ವಾಕ್ಯದಲ್ಲಿ ಬಂದಿದ್ದರೆ ಅನುಮಾನಿಸಿ. ಮನೆಯ ಕೆಲಸ ಮಾಡಿಸಿಕೊಂಡವರು ಹಾಗೆ ಬರೆಯುವುದಿಲ್ಲ. ಅವರು ಬರೆಯುವುದು ಮೇಸ್ತ್ರಿಯ ಹೆಸರು, ಯಾವ ಬಡಾವಣೆ, ಎಷ್ಟು ದಿನ, ಕಮೋಡನ್ನು ಆ ಗೋಡೆಯಿಂದ ಈ ಗೋಡೆಗೆ ಸರಿಸಲು ಪಟ್ಟ ಪಾಡು. ರಿವ್ಯೂಗಳ ದಿನಾಂಕಗಳನ್ನು ಗಮನಿಸಿ: ಮೂರು ತಿಂಗಳು ಏನೂ ಇಲ್ಲದೆ ಒಂದೇ ವಾರದಲ್ಲಿ ಇಪ್ಪತ್ತು ಬಂದಿದ್ದರೆ, ಅವುಗಳಲ್ಲಿ ಬಹಳಷ್ಟು ಒಂದು ಸಾಲಿನವಾಗಿದ್ದರೆ, ಅವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಬರೆದವರ ಹೆಸರಿನ ಮೇಲೆ ಒತ್ತಿದಾಗ ಅವರ ಇತರ ರಿವ್ಯೂಗಳು ತೆರೆದುಕೊಳ್ಳುವುದಾದರೆ ಅವನ್ನೂ ನೋಡಿ; ಒಂದೇ ತಿಂಗಳಲ್ಲಿ ಬೆಂಗಳೂರಿನ ಬಾತ್‌ರೂಮ್ ಕಂಪನಿ, ಜೈಪುರದ ದಂತವೈದ್ಯರು, ಸೂರತ್ತಿನ ಪ್ಯಾಕರ್ಸ್ ಎಲ್ಲರಿಗೂ ಐದು ನಕ್ಷತ್ರ ಕೊಟ್ಟವರು ನಿಮ್ಮ ನೆರೆಹೊರೆಯವರಲ್ಲ. ಚಿತ್ರಗಳಲ್ಲಿ ಹೊರಗೆ ಥಳಕು ಒಳಗೆ ಹುಳುಕು ಆಗಿರಬಹುದಾದ್ದರಿಂದ, ಮುಗಿದ ಬಾತ್‌ರೂಮಿನ ಚಿತ್ರಕ್ಕಿಂತ ಒಡೆದ ನೆಲ, ಬಳಿದ ಪದರ, ಸೋರಿಕೆ ಪರೀಕ್ಷಿಸಲು ನೀರು ಕಟ್ಟಿ ನಿಲ್ಲಿಸಿದ ಹಂತದ ಚಿತ್ರ ಹಾಕಿದ ಗ್ರಾಹಕರನ್ನು ಹೆಚ್ಚು ನಂಬಿ. ಕ್ಯಾಟಲಾಗಿನಂತೆ ಕಾಣುವ ಚಿತ್ರವನ್ನು, ಚಿತ್ರ ಕೊಟ್ಟು ಹುಡುಕುವ ಗೂಗಲ್ ಲೆನ್ಸಿನಲ್ಲಿ ಹಾಕಿದರೆ ಅದು ಬೇರೆಲ್ಲಿಂದಲೋ ತಂದದ್ದೇ ಎಂದು ಬೇಗ ತಿಳಿಯುತ್ತದೆ.

ಕಾನೂನು ಇದನ್ನು ಗಮನಿಸಿಲ್ಲವೆಂದಲ್ಲ. 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳು ಮಾರಾಟಗಾರರು ತಾವೇ ಗ್ರಾಹಕರೆಂದು ನಟಿಸಿ ರಿವ್ಯೂ ಬರೆಯುವುದನ್ನು ನಿಷೇಧಿಸಿವೆ. ಆನ್‌ಲೈನ್ ರಿವ್ಯೂಗಳನ್ನು ಹೇಗೆ ಸಂಗ್ರಹಿಸಿ, ಪರಿಶೀಲಿಸಿ, ಪ್ರಕಟಿಸಬೇಕು ಎಂಬ ಬಗ್ಗೆ ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಐಎಸ್ 19000 ಎಂಬ ಮಾನದಂಡವನ್ನು ಹೊರತಂದಿತು. ಆದರೆ ಆ ಮಾನದಂಡವನ್ನು ಪಾಲಿಸುವುದು ಸ್ವಯಂಪ್ರೇರಿತವೆಂದು ಇಟ್ಟು ಹೊರತಂದದ್ದರಿಂದ, ಸುಳ್ಳನ್ನು ಸೋಸುವ ಹೊಣೆ ಸದ್ಯಕ್ಕೆ ಓದುಗರ ಮೇಲೆಯೇ ಇದೆ.

ಕೆಟ್ಟ ರಿವ್ಯೂಗಳಲ್ಲಿಯೂ ಸುಳ್ಳಿರುತ್ತದೆ. ಒಂದು ಪದವೂ ಇಲ್ಲದ ಒಂದು ನಕ್ಷತ್ರ ಪ್ರತಿಸ್ಪರ್ಧಿಯದ್ದೋ, ಕೆಲಸ ಬಿಟ್ಟ ನೌಕರರದ್ದೋ ಆಗಿರಬಹುದು. ಇಲ್ಲಿ ಕಂಪನಿಯ ಉತ್ತರ ನೆರವಿಗೆ ಬರುತ್ತದೆ. ಎಲ್ಲ ದೂರುಗಳ ಕೆಳಗೂ, ನಿಮಗಾದ ಅನನುಕೂಲಕ್ಕೆ ವಿಷಾದಿಸುತ್ತೇವೆ, ದಯವಿಟ್ಟು ಈ ಮೇಲ್‌ಗೆ ಬರೆಯಿರಿ ಎಂಬ ಒಂದೇ ಅಚ್ಚಿನ ಸಾಲಿದ್ದರೆ ಅದು ಉತ್ತರವೇ ಅಲ್ಲ. ನಮ್ಮ ಪ್ಲಂಬರ್ ಮಂಗಳವಾರ ಬಂದು ಟ್ರ್ಯಾಪಿನ ಸಂದನ್ನು ಬಿಚ್ಚಿ ನೋಡಿದರು, ಎರಡು ಟೈಲ್ಸ್ ಬದಲಿಸಿದೆವು, ಮತ್ತೆ ನೀರು ನಿಲ್ಲಿಸಿ ಪರೀಕ್ಷಿಸಿದೆವು ಎಂಬಂತಹ ಉತ್ತರ ಬರೆದ ಕಂಪನಿಯನ್ನು, ಆ ದೂರಿದ್ದರೂ, ನಾನು ಪಟ್ಟಿಯಲ್ಲಿ ಮೇಲಕ್ಕೆ ಏರಿಸುತ್ತೇನೆ. ನಾವು ಕೊನೆಗೆ ಆರಿಸಿದ ಕಂಪನಿಯ ಪುಟದಲ್ಲಿ ಇಂಥ ಎರಡು ಉತ್ತರಗಳಿದ್ದವು. ಗ್ರಾಹಕರನ್ನು ಬೈದು, ಅವರ ಮನೆಯ ಸಂಖ್ಯೆ, ಬಾಕಿ ಹಣ ಮುಂತಾದ ಖಾಸಗಿ ವಿವರಗಳನ್ನು ಎಲ್ಲರೆದುರು ಹಾಕುವ ಕಂಪನಿ ನಾಳೆ ನಿಮ್ಮೊಡನೆಯೂ ಹಾಗೆಯೇ ನಡೆದುಕೊಳ್ಳುತ್ತದೆ.

ರಿವ್ಯೂವಿನಿಂದ ಮನೆ ಬಾಗಿಲಿಗೆ

ಇಷ್ಟು ಓದಿದ ಮೇಲೆ ಎರಡು ಮೂರು ಹೆಸರು ಉಳಿಯುತ್ತವೆ. ಪ್ರತಿಯೊಂದು ಕಂಪನಿಯಿಂದ, ಕೆಲಸ ಮುಗಿದು ಎರಡು ವರ್ಷವಾದ ಮೂವರು ಗ್ರಾಹಕರ ಸಂಪರ್ಕವನ್ನು ಅವರ ಒಪ್ಪಿಗೆಯೊಂದಿಗೆ ಕೇಳಿ. ಇತ್ತೀಚಿನ ಗ್ರಾಹಕರನ್ನೇ ತೋರಿಸುತ್ತೇವೆ ಎಂದು ಪಟ್ಟು ಹಿಡಿದರೆ ಅದನ್ನೂ ಒಂದು ಸೂಚನೆಯಾಗಿ ತೆಗೆದುಕೊಳ್ಳಿ. ಸಾಧ್ಯವಾದರೆ ಒಂದು ಮನೆಗಾದರೂ ಹೋಗಿ, ಅನುಮತಿ ಕೇಳಿ ನೆಲದ ಮೇಲೆ ಒಂದು ಬಕೆಟ್ ನೀರು ಸುರಿದು ಎಷ್ಟು ಹೊತ್ತಿಗೆ ಬರಿದಾಗುತ್ತದೆ ಎಂದು ನೋಡಿ, ನಾಣ್ಯದಿಂದ ನಾಲ್ಕೈದು ಟೈಲ್ಸ್ ತಟ್ಟಿ, ಸಂದುಗಳಲ್ಲಿ ತುಂಬಿದ ಗ್ರೌಟ್ ಕಪ್ಪಾಗಿದೆಯೇ ಗಮನಿಸಿ. ಅಪಾರ್ಟ್‌ಮೆಂಟಿನಲ್ಲಿ ವಾಸಿಸುವವರಿಗೆ ಇನ್ನೊಂದು ಅನುಕೂಲವಿದೆ: ಯಾವ ಗುತ್ತಿಗೆದಾರರ ಕೆಲಸದಿಂದ ಯಾವ ಮನೆ ಸೋರಿತು ಎಂಬ ಸಂಗತಿ ಸಂಘದ ಕಚೇರಿಯಲ್ಲಿ ಕೂರುವ ನಿರ್ವಾಹಕರಿಗೆ ಚೆನ್ನಾಗಿ ಗೊತ್ತಿರುತ್ತದೆ, ಏಕೆಂದರೆ ಕೆಳಮನೆಯವರ ದೂರು ಮೊದಲು ಬರುವುದು ಅವರ ಬಳಿಗೇ. ಅವರೊಡನೆ ಕಳೆದ ಹತ್ತು ನಿಮಿಷ ನೂರು ರಿವ್ಯೂಗಳಿಗಿಂತ ಹೆಚ್ಚು ತಿಳಿಸಿತು.

ಕಂಪನಿಯ ಜಿಎಸ್‌ಟಿ ಸಂಖ್ಯೆಯನ್ನು ಪಡೆದು ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿದರೆ ಕಾನೂನುಬದ್ಧ ಹೆಸರು, ನೋಂದಣಿಯ ದಿನಾಂಕ, ನೋಂದಣಿ ಈಗಲೂ ಚಾಲ್ತಿಯಲ್ಲಿದೆಯೇ ಎಂಬುದು ಕಾಣುತ್ತದೆ. ಕರ್ನಾಟಕದ ನೋಂದಣಿಗಳು 29 ಎಂಬ ಅಂಕಿಯಿಂದ ಆರಂಭವಾಗುತ್ತವೆ. ಇಪ್ಪತ್ತು ವರ್ಷದ ಅನುಭವ ಎಂದು ಹೇಳಿಕೊಳ್ಳುವ ಸಂಸ್ಥೆಯ ನೋಂದಣಿ ಕಳೆದ ವರ್ಷದ್ದಾಗಿದ್ದರೆ, ಹಳೆಯ ಹೆಸರು ಯಾವುದಿತ್ತು ಎಂದು ನೇರವಾಗಿ ಕೇಳಿ, ಆ ಹೆಸರಿನ ರಿವ್ಯೂಗಳನ್ನೂ ಓದಿ.

ಬೇರೆಯವರ ದೂರುಗಳನ್ನೇ ನಿಮ್ಮ ಕರಾರಿನ ಷರತ್ತುಗಳಾಗಿ ಬದಲಿಸಿಕೊಳ್ಳುವುದು ಈ ಓದಿನ ಅತಿ ದೊಡ್ಡ ಲಾಭ. ಸೋರಿಕೆಯ ದೂರು ಕಂಡಿದ್ದರೆ, ಟೈಲ್ಸ್ ಹಾಕುವ ಮುನ್ನ 48 ಗಂಟೆ ನೀರು ಕಟ್ಟಿ ನಿಲ್ಲಿಸಬೇಕು, ಕೆಳಮನೆಯ ಛಾವಣಿಯನ್ನು ನಿಮ್ಮೆದುರೇ ನೋಡಬೇಕು, ಅದು ಮುಗಿಯುವವರೆಗೆ ಮುಂದಿನ ಕಂತು ಇಲ್ಲ ಎಂದು ಬರೆಸಿ. ಪೈಪಿನ ದೂರಿದ್ದರೆ, ಗೋಡೆ ಮುಚ್ಚುವ ಮುನ್ನ ಒತ್ತಡದ ಪರೀಕ್ಷೆ ಮಾಡಿ ಪೈಪುಗಳು ಸಾಗಿದ ದಾರಿಯ ಚಿತ್ರ ತೆಗೆದುಕೊಡಬೇಕು ಎಂದು ಸೇರಿಸಿ. ಮುಂದೆ ಯಾವಾಗಲಾದರೂ ಗೋಡೆಗೆ ಮೊಳೆ ಹೊಡೆಯುವಾಗ ಆ ಚಿತ್ರ ಉಪಯೋಗಕ್ಕೆ ಬರುತ್ತದೆ. ವಾರಂಟಿ ಎಂದು ಬಾಯಲ್ಲಿ ಹೇಳಿದ ಹತ್ತು ವರ್ಷ ವಾಟರ್‌ಪ್ರೂಫಿಂಗ್ ರಾಸಾಯನಿಕದ ತಯಾರಕರದ್ದೋ ಕೆಲಸ ಮಾಡಿದ ಕಂಪನಿಯದ್ದೋ, ಸೋರಿದಾಗ ಒಡೆದು ಮತ್ತೆ ಟೈಲ್ಸ್ ಹಾಕುವ ಖರ್ಚು ಅದರಲ್ಲಿ ಸೇರಿದೆಯೇ ಎಂಬುದು ಲಿಖಿತವಾಗಿರಬೇಕು. ಶೇಕಡ 18ರ ಜಿಎಸ್‌ಟಿ, ಅವಶೇಷ ಸಾಗಿಸುವ ವೆಚ್ಚ ಕೊಟೇಶನ್ನಿನಲ್ಲಿ ಸೇರಿವೆಯೇ ಎಂದು ಮೊದಲೇ ಕೇಳಿದರೆ ಕೊನೆಯ ಜಗಳ ತಪ್ಪುತ್ತದೆ. ಒಟ್ಟು ಮೊತ್ತದ ಹತ್ತರಲ್ಲೊಂದು ಭಾಗವನ್ನು ಬಳಕೆ ಆರಂಭಿಸಿ ಒಂದು ತಿಂಗಳಾದ ಮೇಲೆ ಕೊಡುವುದಾಗಿ ಒಪ್ಪಿಸಿಕೊಳ್ಳಿ. ಇಷ್ಟರ ಮೇಲೂ ಕೆಲಸ ಕೆಟ್ಟರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಜಿಲ್ಲಾ ಗ್ರಾಹಕ ಆಯೋಗಕ್ಕೆ ತೊಂದರೆ ಉಂಟಾದ ಎರಡು ವರ್ಷದೊಳಗೆ ಹೋಗಬಹುದು, ನೀವು ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ.

ಸಣ್ಣ ಊರುಗಳಲ್ಲಿ ಈ ಕ್ರಮ ಪೂರ್ತಿ ಉಪಯೋಗಕ್ಕೆ ಬಾರದು. ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಒಳ್ಳೆಯ ಮೇಸ್ತ್ರಿಗೆ ಇಂಟರ್‌ನೆಟ್ಟಿನಲ್ಲಿ ಒಂದೂ ರಿವ್ಯೂ ಇಲ್ಲದಿರಬಹುದು. ಅಲ್ಲಿ ಟೈಲ್ಸ್ ಅಂಗಡಿ, ಸ್ಯಾನಿಟರಿ ಅಂಗಡಿಯವರನ್ನು ಕೇಳಿ, ಆದರೆ ಒಬ್ಬರನ್ನೇ ಕೇಳಬೇಡಿ, ಶಿಫಾರಸಿನ ಹಿಂದೆ ಕಮಿಷನ್ ಇರಬಹುದು. ವಿದೇಶದಲ್ಲಿದ್ದುಕೊಂಡು ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ವಯಸ್ಸಾದ ತಂದೆತಾಯಿಯ ಬಾತ್‌ರೂಮ್ ಮಾಡಿಸುವವರು ವಿಶೇಷವಾಗಿ ಹುಡುಕಬೇಕಾದದ್ದು, ಮನೆಯವರು ಊರಲ್ಲಿಲ್ಲದಾಗ ಕೆಲಸ ನಡೆಸಿಕೊಟ್ಟ ಬಗ್ಗೆ ಬರೆದ ರಿವ್ಯೂಗಳನ್ನು: ದಿನವೂ ಚಿತ್ರ ಕಳುಹಿಸಿದರೇ, ಜಾರದ ಟೈಲ್ಸ್ ಮತ್ತು ಹಿಡಿದುಕೊಳ್ಳುವ ಸರಳು ಹಾಕಿದ್ದು ನಿಜಕ್ಕೂ ಗಟ್ಟಿಯಾಗಿದೆಯೇ ಎಂಬ ವಿವರ ಅವುಗಳಲ್ಲಿ ಸಿಗುತ್ತದೆ.

ನಿಮ್ಮ ಕೆಲಸ ಮುಗಿದಾಗ ಮೇಲ್ವಿಚಾರಕರು ಲಿಂಕ್ ಕಳುಹಿಸುತ್ತಾರೆ. ಅಂದು ಕೆಲಸಗಾರರ ನಡತೆ, ಸಮಯಪಾಲನೆ, ಒಪ್ಪಿದ ಮೊತ್ತಕ್ಕೂ ಕೊಟ್ಟ ಮೊತ್ತಕ್ಕೂ ಇರುವ ವ್ಯತ್ಯಾಸವನ್ನು ಮಾತ್ರ ಬರೆಯಿರಿ, ಸೋರಿಕೆಯ ಬಗ್ಗೆ ಹೇಳಲು ಇನ್ನೂ ಕಾಲವಾಗಿಲ್ಲ ಎಂದು ಸ್ಪಷ್ಟವಾಗಿ ಸೇರಿಸಿ. ಫೋನಿನ ಕ್ಯಾಲೆಂಡರಿನಲ್ಲಿ ಒಂದು ವರ್ಷದ ನಂತರದ ದಿನಕ್ಕೆ ಗುರುತು ಹಾಕಿಕೊಳ್ಳಿ. ಆ ದಿನ ಕೆಳಮನೆಯವರ ಬಾಗಿಲು ತಟ್ಟಿ ಅವರ ಛಾವಣಿಯನ್ನು ನೋಡಿ ಬಂದು, ಕಂಡದ್ದನ್ನು ಅದೇ ರಿವ್ಯೂವಿನ ಕೆಳಗೆ ಎರಡು ಸಾಲಿನಲ್ಲಿ ಬರೆಯಿರಿ.